ಕರಡಿ ಸೀಳಿದ ಪೊಟರೆಯಲ್ಲಿ ತುಡುವೆ ಜೇನನ್ನು ಉಳಿಸೋದು ಹೇಗೆ

ಈ ಹಲಸಿನ ತೊಗಟೆ ನೋಡಿ. ಬುಡದಿಂದ ಪೊಟರೆವರೆಗೂ ನಾಲ್ಕೈದು ಗೀರು ಜೊತೆಜೊತೆಯಾಗಿ ಇಳಿದಿವೆ. ಪೊಟರೆಯ ಬಾಯಲ್ಲಿ ಮರವನ್ನೇ ಸೀಳಿ ಕಿತ್ತಿದೆ, ಕೆಳಗೆ ಚಕ್ಕೆ ರಾಶಿ. ಇದು ಕರಡಿಯದೇ ಕೆಲಸ. ಮರ ಹತ್ತುವ ಸಣ್ಣ ಪ್ರಾಣಿ ನೀಲಗಿರಿ ಮಾರ್ಟೆನ್‌ಗೂ ಜೇನು ಇಷ್ಟ, ಆದರೆ ಬಲಿತ ಮರ ಸೀಳುವ ಶಕ್ತಿ ಅದಕ್ಕಿಲ್ಲ. ಜೇನುಗಿಡುಗ ಎರಗೋದು ಹೆಚ್ಚಾಗಿ ಬಯಲಲ್ಲಿ ತೂಗುವ ಹೆಜ್ಜೇನಿನ ಎರಿಗೆ, ಅಂದರೆ ಮೇಣದ ಹುಟ್ಟಿಗೆ.

ಕೊಡಗಿನ ಭಾಗಮಂಡಲದ ಕಡೆ ಕಾಡಂಚಿನ ಕಾಫಿ ತೋಟಗಳಲ್ಲಿ, ಕಾಫಿ ಹೂ ಮುಗಿದು ಪೊಟರೆ ತುಂಬೋ ಹೊತ್ತಿಗೆ ಇಂಥ ಮರಗಳು ಸಿಗುತ್ತವೆ. ಜೇನುತುಪ್ಪ ಹೋಯಿತು ಅಂತ ಎಲ್ಲರೂ ಮರುಗ್ತಾರೆ. ನಿಜವಾದ ನಷ್ಟ ಮೊಟ್ಟೆ, ಮರಿಹುಳು ಇರುವ ಮರಿ ಎರಿಯದು. ಕರಡಿ ಮರಿಹುಳುಗಳನ್ನೂ ಸೇರಿಸಿ ತಿನ್ನುತ್ತೆ. ಅದಕ್ಕಿಂತ ದೊಡ್ಡ ಪೆಟ್ಟು ಈ ಅಗಲವಾದ ಬಾಯಿ: ಬೆಳಕು, ಮಳೆ, ಇರುವೆ, ಕಡಜ, ಮೇಣದ ಪತಂಗ ಎಲ್ಲಕ್ಕೂ ದಾರಿ. ಪೊಟರೆಯ ಕತ್ತಲಲ್ಲಿ ಗೂಡು ಕಟ್ಟುವ ತುಡುವೆ ಜೇನುಹುಳ ಇದನ್ನು ಸಹಿಸಲ್ಲ, ಇದ್ದಬದ್ದ ತುಪ್ಪ ಹೀರಿ ಗೂಡು ಬಿಟ್ಟು ಹೋಗುತ್ತೆ. 1991–92ರಲ್ಲಿ ಮರಿಹುಳುಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ರೋಗ ದಕ್ಷಿಣ ಭಾರತದ ತುಡುವೆಯನ್ನು ಹೇಗೆ ಬರಿದು ಮಾಡಿತು ಅಂತ ಕಂಡವರಿಗೆ, ಮರದಲ್ಲಿ ತಾನಾಗಿ ಬದುಕಿರೋ ಒಂದೊಂದು ಕುಟುಂಬದ ಬೆಲೆಯೂ ಗೊತ್ತು.

ಕರಡಿ ರುಚಿ ಕಂಡ ಜಾಗಕ್ಕೆ ಮತ್ತೆ ಬರುತ್ತೆ, ಮುಸ್ಸಂಜೆಯಿಂದ ನಸುಕಿನವರೆಗೆ ಓಡಾಡುತ್ತೆ. ಹಾಗಾಗಿ ಒಬ್ಬರೇ ಹೋಗಬೇಡಿ, ಮಧ್ಯಾಹ್ನ ನಾಲ್ಕರೊಳಗೆ ಕೆಲಸ ಮುಗಿಸಿ. ಮುಖಪರದೆ ಬೇಕು, ಹೊಗೆ ಸ್ವಲ್ಪ ಸಾಕು. ಮೊದಲು ಬಿದ್ದ ಎರಿ ಚೂರುಗಳನ್ನೆಲ್ಲ ಹೆಕ್ಕಿ ದೂರ ಒಯ್ಯಿರಿ. ಆ ವಾಸನೆಯೇ ಇರುವೆಯನ್ನೂ ಕರಡಿಯನ್ನೂ ಕರೆಯೋದು. ಆಮೇಲೆ ಬಾಯಿಗೆ ಹಳೇ ಹಲಗೆ ಅಡ್ಡ ಕೊಟ್ಟು ಬಿಗಿಯಾಗಿ ಕಟ್ಟಿ, ಸಂದಿಗೆ ಹುತ್ತದ ಮಣ್ಣು, ಸಗಣಿ ಕಲಸಿ ಮೆತ್ತಿ. ಬಣ್ಣ ಬಳಿದ ಹಲಗೆ ಬೇಡ, ವಾಸನೆಗೆ ಹುಳ ಒಳಗೆ ನಿಲ್ಲಲ್ಲ. ಕೆಳಗಡೆ ಒಂದು ಬೆರಳು ತೂರುವಷ್ಟು ದಾರಿ ಬಿಡಿ. ಇದಕ್ಕಿಂತ ದೊಡ್ಡದಾದರೆ ಕಾವಲು ಹುಳುಗಳಿಗೆ ಕಾಯೋಕೆ ಆಗಲ್ಲ.

ಸಕ್ಕರೆ ಪಾಕ ಕೊಡೋದಾದರೆ ಸಕ್ಕರೆ, ನೀರು ಒಂದಕ್ಕೆ ಒಂದು ಅಳತೆ, ಬಿಸಿಲು ಇಳಿಯೋ ಹೊತ್ತಿಗೆ, ಆದರೆ ನಾಲ್ಕು ಗಂಟೆಯೊಳಗೆ, ಒಳಗೇ ಇಡಿ. ಹೊರಗೆ ಒಂದು ಹನಿ ಚೆಲ್ಲಿದರೂ ಬೇರೆ ಗೂಡಿನ ಹುಳ ಕದಿಯೋಕೆ ಬರುತ್ತೆ. ಜೂನ್ ಮಳೆ ಹಿಡಿದ ಮೇಲೆ ಹೊರಗೆ ಮೇವಿರಲ್ಲ, ತುಪ್ಪ ಕಳೆದುಕೊಂಡ ಕುಟುಂಬಕ್ಕೆ ಪಾಕ ಬೇಕೇ ಬೇಕು.

ಮುಂದಿನ ಕೆಲವು ದಿನ ದೂರ ನಿಂತು ಹುಳದ ಕಾಲು ನೋಡಿ. ಕಾಲಿಗೆ ಪರಾಗದ ಉಂಡೆ ಅಂಟಿಸಿಕೊಂಡು ಒಳಗೆ ಹೋಗ್ತಿದ್ದರೆ ಮರಿ ಸಾಕ್ತಿವೆ, ರಾಣಿ ಇದೆ ಅಂತ ಬಹುತೇಕ ನಂಬಬಹುದು. ವಾರ ಕಳೆದರೂ ಪರಾಗ ಬರದಿದ್ದರೆ, ಬಂದ ಹುಳ ದಾರಿಯಲ್ಲೇ ಗೊಂದಲದಿಂದ ಸುತ್ತುತ್ತಿದ್ದರೆ, ರಾಣಿ ಇಲ್ಲ ಅಂತ ಲೆಕ್ಕ. ಆಗ ಹತ್ತಿರದ ತುಡುವೆ ಜೇನುಪೆಟ್ಟಿಗೆಯಿಂದ ಹೊಸ ಮೊಟ್ಟೆಯಿರುವ ಅಂಗೈ ಅಗಲದ ಎರಿ ತುಂಡನ್ನು, ಮೊದಲಿದ್ದ ಹಾಗೇ ಮೇಲ್ಭಾಗ ಮೇಲಿರುವಂತೆ, ಬಾಳೆ ನಾರಿನಲ್ಲಿ ಕಟ್ಟಿ ಹುಳುಗಳ ಗೊಂಚಲಿಗೆ ತಾಗಿಸಿ ಇಡಿ. ಮೊಟ್ಟೆಯಿಂದ ಹೊಸ ರಾಣಿ ಹೊರಬರಲು ಸುಮಾರು 16 ದಿನ. ಅಲ್ಲಿಯವರೆಗೂ ಹಲಗೆ ಬಿಚ್ಚಬೇಡಿ.