ಕೊನೆಯಲ್ಲೊಂದು ‘ಆ’: ಕ್ಲಿಂಗನ್ ಭಾಷೆಯ ಪ್ರಶ್ನೆಗಳು

ಕೇಳುಗರಿಗೆ ನಮಸ್ಕಾರ.

ಮಧ್ಯಾಹ್ನ ಕಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಅಕ್ಕ ಕೇಳುತ್ತಾರೆ: ‘ಒಣಸ್ ಆಂಡಾ?’ ಕನ್ನಡದಲ್ಲಾದರೆ ‘ಊಟ ಆಯ್ತಾ?’ ತುಳುವಾಗಲಿ ಕನ್ನಡವಾಗಲಿ, ಪ್ರಶ್ನೆ ಇರುವುದು ಕೊನೆಯ ‘ಆ’ದಲ್ಲಿ. ಅದನ್ನು ತೆಗೆದರೆ ‘ಊಟ ಆಯ್ತು’. ಅದು ಉತ್ತರವೇ ಆಗಿಬಿಡುತ್ತದೆ!

ಕ್ಲಿಂಗನ್ ಭಾಷೆಯಲ್ಲೂ ಹೀಗೇ ಉಂಟು. ಸ್ಟಾರ್ ಟ್ರೆಕ್ ಎಂಬ ಬಾಹ್ಯಾಕಾಶ ಕಥೆಯ ಸಿನಿಮಾದಲ್ಲಿ ಬರುವ ಕ್ಲಿಂಗನ್ ಯೋಧರಿಗಾಗಿ ಅಮೆರಿಕದ ಭಾಷಾತಜ್ಞ ಮಾರ್ಕ್ ಓಕ್ರಾಂಡ್ ಕಟ್ಟಿದ ಭಾಷೆ ಅದು. 1985ರಲ್ಲಿ ಅದರ ನಿಘಂಟು ವ್ಯಾಕರಣದ ಸಮೇತ ಬಂತು. ‘ಬಿಯಾಜ್’ ಅಂದರೆ ನಿನಗೆ ಅರ್ಥವಾಗುತ್ತದೆ. ‘ಬಿಯಾಜ್-ಆ’ ಅಂದರೆ ನಿನಗೆ ಅರ್ಥವಾಗುತ್ತದಾ? ಆ ‘ಆ’ದ ಹಿಂದೆ ಮುಂದೆ ಗಂಟಲಲ್ಲಿ ಉಸಿರು ಚೂರು ತಡೆಯಬೇಕು, ಅಷ್ಟೇ. ಇಂಗ್ಲಿಷಿನ ಹಾಗೆ ಪದಗಳನ್ನು ಅದಲುಬದಲು ಮಾಡುವ ಗೊಡವೆ ಇಲ್ಲ. ಇದನ್ನು ಮೊದಲ ಸಲ ಓದಿದಾಗ ನನಗಾದ ಖುಷಿ ಇವತ್ತಿಗೂ ಹಾಗೇ ಇದೆ.

‘ಯಾರು’ ಎನ್ನುವುದಕ್ಕೆ ಅವರ ಪದ ‘ಇವ್’. ನಮ್ಮ ಕಿವಿಗೆ ‘ಇವ’ ಅಂದ ಹಾಗೆ ಕೇಳುತ್ತದೆ, ಅಲ್ವಾ? ಕ್ಲಿಂಗನ್ ವಾಕ್ಯದಲ್ಲಿ ಕರ್ಮ ಮೊದಲು, ಆಮೇಲೆ ಕ್ರಿಯಾಪದ, ಕೆಲಸ ಮಾಡುವವರು ಕೊನೆಗೆ. ‘ಯಸ್’ ಅಂದರೆ ಅಧಿಕಾರಿ, ‘ಲೆಘ್’ ಅಂದರೆ ನೋಡು. ‘ಯಸ್ ಲೆಘ್ ಇವ್’ ಎಂದರೆ ಅಧಿಕಾರಿಯನ್ನು ಯಾರು ನೋಡುತ್ತಾರೆ? ‘ಇವ್ ಲೆಘ್ ಯಸ್’ ಎಂದರೆ ಅಧಿಕಾರಿ ಯಾರನ್ನು ನೋಡುತ್ತಾರೆ? ನಾವು ‘ಯಾರು’, ‘ಯಾರನ್ನು’ ಎಂದು ಪದದ ಬಾಲ ಬದಲಿಸುತ್ತೇವೆ. ಅಲ್ಲಿ ‘ಇವ್’ ಹಾಗೆಯೇ ಇರುತ್ತದೆ, ಕೂರುವ ಜಾಗ ಮಾತ್ರ ಬದಲಾಗುತ್ತದೆ. ಬಸ್ಸಿನ ಸೀಟಿಗೆ ಕರ್ಚೀಫ್ ಹಾಕಿದ ಹಾಗೆ, ಉತ್ತರ ಬಂದು ಕೂರುವ ಜಾಗವನ್ನು ಪ್ರಶ್ನೆ ಹಿಡಿದಿಟ್ಟಿರುತ್ತದೆ. ‘ಏನು’ ಎಂಬ ‘ನುಕ್’ ಕೂಡ ಹಾಗೆಯೇ. ಅದಕ್ಕೆ ನಮ್ಮ ‘ಮನೆಯಲ್ಲಿ’ಯ ಕೊನೆಯ ‘ಅಲ್ಲಿ’ಯಂಥ ‘ಡಕ್’ ಸೇರಿಸಿದರೆ ‘ನುಕ್ಡಕ್’, ಅಂದರೆ ‘ಎಲ್ಲಿ?’ ಎಲ್ಲಿ, ಯಾವಾಗ, ಯಾಕೆ, ಹೇಗೆ, ಇವು ನಾಲ್ಕೂ ವಾಕ್ಯದ ಶುರುವಿಗೇ ಬರುತ್ತವೆ.

‘ಎಷ್ಟು’ ಎಂಬುದಕ್ಕೆ ‘ಅರ್’. ಇದು ಮಾತ್ರ ನಾಮಪದದ ಬೆನ್ನಿಗೇ ಬರಬೇಕು. ‘ನಿನ್’ ಅಂದರೆ ಇಂಧನ, ‘ನಿನ್ ಅರ್’ ಅಂದರೆ ಇಂಧನ ಎಷ್ಟು. ಇನ್ನೊಂದು ನಿಯಮ, ‘ಅರ್’ ಇದ್ದರೆ ನಾಮಪದಕ್ಕೆ ಬಹುವಚನ ಹಚ್ಚುವಂತಿಲ್ಲ. ಮೀನಿನ ಬೋಟು ಬಂದು ನಿಲ್ಲುವ ನಮ್ಮ ಧಕ್ಕೆಯಲ್ಲಿ ಬೆಳಗ್ಗೆ ನಿಂತು ಕೇಳಿ. ‘ಬೋಟು ಎಷ್ಟು ಬಂತು?’ ಅನ್ನುತ್ತಾರೆ. ‘ಬೋಟುಗಳು’ ಅಂತ ಯಾರೂ ಅನ್ನುವುದಿಲ್ಲ.