ನಾಲ್ಕು ದೇಶದ ಹೆಸರು, ಒಂದೇ ಅಂಗಳ

ಕೇಳುಗರೇ, ನಮಸ್ಕಾರ.

ವಿಂಬಲ್ಡನ್‌ನಲ್ಲಿ ಪುರುಷರ ಸಿಂಗಲ್ಸ್ ಗೆದ್ದವರ ಪಟ್ಟಿ ಇದೆಯಲ್ಲ, ಅದರಲ್ಲಿ 1954ರ ಸಾಲಿಗೆ ಬಂದಾಗಲೆಲ್ಲ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಅಲ್ಲಿರುವ ಹೆಸರು ಯಾರೋಸ್ಲಾವ್ ಡ್ರೊಬ್ನಿ. ಪಕ್ಕದಲ್ಲಿ ದೇಶದ ಹೆಸರು, ಈಜಿಪ್ಟ್. ಆದರೆ ಆತ ಹುಟ್ಟಿ ಬೆಳೆದದ್ದು ಪ್ರಾಗ್ ನಗರದಲ್ಲಿ. ಪ್ರಾಗ್‌ನ ಹುಡುಗ ಈಜಿಪ್ಟಿನವನಾದದ್ದು ಹೇಗೆ? ಇವತ್ತು ಆ ಕತೆಯನ್ನು ನಿಮಗೆ ಹೇಳಬೇಕು.

ಡ್ರೊಬ್ನಿಯ ತಂದೆ ಪ್ರಾಗ್‌ನ ಒಂದು ಟೆನಿಸ್ ಕ್ಲಬ್ಬಿನಲ್ಲಿ ಅಂಗಳ ನೋಡಿಕೊಳ್ಳುತ್ತಿದ್ದರು. ಮಗ ಅಲ್ಲೇ ಚೆಂಡು ಹೆಕ್ಕಿ ಕೊಡುತ್ತಾ ಆಟ ಕಲಿತ. ಚಳಿಗಾಲ ಬಂತೆಂದರೆ ಐಸ್ ಹಾಕಿ. ಅದರಲ್ಲೂ ಸಾಮಾನ್ಯ ಆಟಗಾರನಲ್ಲ. 1948ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಚೆಕೊಸ್ಲೊವಾಕಿಯಾ ತಂಡದ ಜೊತೆ ಬೆಳ್ಳಿ ಪದಕ ಗೆದ್ದವನು. ಅದೇ ಹಾಕಿ ಆಟ ಅವನ ಒಂದು ಕಣ್ಣಿಗೆ ಪೆಟ್ಟನ್ನೂ ಕೊಟ್ಟಿತು. ಆಮೇಲೆ ಟೆನಿಸ್ ಅಂಗಳಕ್ಕೆ ಇಳಿದದ್ದು ಬಣ್ಣದ ಗಾಜಿನ ಕನ್ನಡಕ ಹಾಕಿಕೊಂಡೇ. ಎಡಗೈ ಆಟ, ಕಣ್ಣಿಗೆ ಕನ್ನಡಕ, ಸ್ವಲ್ಪ ದಪ್ಪ ಮೈ. ದೂರದಿಂದ ನೋಡಿದರೂ ಗುರುತು ಸಿಗುತ್ತಿತ್ತು.

ಆ ಕಾಲದ ಟೆನಿಸ್ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಆಗ ವಿಂಬಲ್ಡನ್ ಆಡುತ್ತಿದ್ದವರೆಲ್ಲ ಹವ್ಯಾಸಿಗಳು. ಗೆದ್ದರೆ ಬಹುಮಾನದ ಹಣ ಇಲ್ಲ. ಯಾರಾದರೂ ಹಣಕ್ಕಾಗಿ ಆಡಿದರೆ ಅವರಿಗೆ ವಿಂಬಲ್ಡನ್ ಬಾಗಿಲು ಮುಚ್ಚಿದ ಹಾಗೆಯೇ. 1968ರವರೆಗೂ ಹೀಗೇ ಇತ್ತು. ಇನ್ನೊಂದು ಕಟ್ಟುಪಾಡೂ ಇತ್ತು, ಅದನ್ನು ನಾವು ಜಾಸ್ತಿ ನೆನಪಿಸಿಕೊಳ್ಳುವುದಿಲ್ಲ. ಹವ್ಯಾಸಿ ಆಟಗಾರ ತನ್ನ ದೇಶದ ಟೆನಿಸ್ ಸಂಘದ ಅಂಕೆಯಲ್ಲಿರಬೇಕು. ಸಂಘ ಆಡು ಅಂದರೆ ಆಡಬೇಕು, ಬಾ ಅಂದರೆ ವಾಪಸ್ ಬರಬೇಕು.

1949ರ ಜುಲೈ. ಸ್ವಿಟ್ಜರ್ಲೆಂಡಿನ ಗ್ಸ್ಟಾಡ್‌ನಲ್ಲಿ ಒಂದು ಪಂದ್ಯಾವಳಿ. ಡ್ರೊಬ್ನಿ ಆಗಷ್ಟೇ ವಿಂಬಲ್ಡನ್ ಫೈನಲ್ ಆಡಿ, ಅಮೆರಿಕದ ಟೆಡ್ ಶ್ರೋಡರ್ ಎದುರು ಐದು ಸೆಟ್‌ಗಳಲ್ಲಿ ಸೋತಿದ್ದ. ಗ್ಸ್ಟಾಡ್‌ನಲ್ಲಿ ಜರ್ಮನಿ, ಸ್ಪೇನ್ ಆಟಗಾರರೂ ಇದ್ದರು. ಅವರ ಜೊತೆ ಆಡಬೇಡಿ, ಹಿಂದೆ ಸರಿಯಿರಿ ಅಂತ ಪ್ರಾಗ್‌ನಿಂದ ಅಪ್ಪಣೆ ಬಂತು. ಡ್ರೊಬ್ನಿ ಮತ್ತು ಅವನ ಜೊತೆಗಾರ ಚೆರ್ನಿಕ್ ಒಪ್ಪಲಿಲ್ಲ. ಇಬ್ಬರೂ ಊರಿಗೆ ಮರಳಲಿಲ್ಲ. ಕೈಯಲ್ಲಿ ರಾಕೆಟ್ ಇದೆ, ದೇಶ ಇಲ್ಲ. ಕೊನೆಗೆ ಪೌರತ್ವ ಕೊಟ್ಟದ್ದು ಈಜಿಪ್ಟ್.

ನನ್ನ ಸೋದರಮಾವನ ಹಳೆಯ ಮರದ ರಾಕೆಟ್ ಒಂದು ನಮ್ಮ ಮನೆಯಲ್ಲಿದೆ. ಮಳೆಗಾಲದ ತೇವಕ್ಕೆ ಅದು ಬಾಗಬಾರದು ಅಂತ ಸುತ್ತ ಮರದ ಚೌಕಟ್ಟು ಹಾಕಿ, ನಾಲ್ಕು ಮೂಲೆಯಲ್ಲೂ ತಿರುಪು ಬಿಗಿದಿರುತ್ತಿದ್ದರು. ಅದನ್ನು ಬಿಚ್ಚಿ ಕೈಗೆ ತೆಗೆದುಕೊಂಡು ಹತ್ತು ಸಲ ಬೀಸಿ ನೋಡಿ, ಮಣಿಕಟ್ಟು ಸೋಲುತ್ತದೆ. ಅಂಥ ರಾಕೆಟ್ ಹಿಡಿದು 1953ರ ವಿಂಬಲ್ಡನ್‌ನ ಮೂರನೇ ಸುತ್ತಿನಲ್ಲಿ ಡ್ರೊಬ್ನಿ ಅಮೆರಿಕದ ಬಡ್ಜ್ ಪ್ಯಾಟಿ ಜೊತೆ 93 ಗೇಮ್ ಆಡಿದ. ಆಗ ಟೈಬ್ರೇಕ್ ಇರಲಿಲ್ಲ. ಎರಡು ಗೇಮ್ ಮುಂದೆ ಹೋಗುವ ತನಕ ಸೆಟ್ ಮುಗಿಯುತ್ತಲೇ ಇರಲಿಲ್ಲ. ಸ್ಕೋರು ಕೇಳಿ: 8-6, 16-18, 3-6, 8-6, 12-10. ಆರು ಮ್ಯಾಚ್ ಪಾಯಿಂಟ್, ಅಂದರೆ ಇನ್ನೊಂದೇ ಪಾಯಿಂಟ್ ಹೋದರೆ ಪಂದ್ಯವೇ ಹೋಯಿತು ಅನ್ನುವ ಗಳಿಗೆ, ಅಂಥ ಆರನ್ನೂ ಉಳಿಸಿಕೊಂಡು, ಕತ್ತಲು ಕವಿಯುವ ಹೊತ್ತಿಗೆ ಡ್ರೊಬ್ನಿ ಗೆದ್ದ. ಆದರೆ ಕಾಲು ಸೋತುಹೋಗಿತ್ತು. ಸೆಮಿಫೈನಲ್‌ನಲ್ಲಿ, ಶ್ರೇಯಾಂಕವೇ ಇಲ್ಲದ ಡೆನ್ಮಾರ್ಕಿನ ಕರ್ಟ್ ನೀಲ್ಸನ್ ಎದುರು ಸೋಲಾಯಿತು. 1952ರ ಫೈನಲ್ಲೂ ಆಸ್ಟ್ರೇಲಿಯಾದ ಫ್ರಾಂಕ್ ಸೆಜ್‌ಮನ್ ಪಾಲಾಗಿತ್ತು. ಇವನ ಕಾಲ ಮುಗಿಯಿತು ಅಂತ ಎಷ್ಟೋ ಜನ ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ.

1954ರಲ್ಲಿ ಅವನಿಗೆ 32 ವರ್ಷ, 11ನೇ ಶ್ರೇಯಾಂಕ, 11ನೇ ವಿಂಬಲ್ಡನ್. ಕ್ವಾರ್ಟರ್‌ಫೈನಲ್‌ನಲ್ಲಿ ಲ್ಯೂ ಹೋಡ್‌ನನ್ನು ಸೋಲಿಸಿದ. ಸೆಮಿಫೈನಲ್‌ನಲ್ಲಿ ಮತ್ತೆ ಅದೇ ಪ್ಯಾಟಿ, ಮತ್ತೆ ಗೆಲುವು. ಫೈನಲ್‌ನಲ್ಲಿ ಎದುರಿಗೆ ನಿಂತದ್ದು ಆಸ್ಟ್ರೇಲಿಯಾದ ಕೆನ್ ರೋಸ್‌ವಾಲ್. 19ರ ಹುಡುಗ, ಪುಟ್ಟ ಮೈ, ಬ್ಯಾಕ್‌ಹ್ಯಾಂಡ್ ಮಾತ್ರ ಚಾಕುವಿನ ಹಾಗೆ.

ಅದು ಜುಲೈ 2, ಶುಕ್ರವಾರ. ಮೊದಲ ಸೆಟ್ಟೇ 24 ಗೇಮ್ ಎಳೆಯಿತು. ಡ್ರೊಬ್ನಿಗೆ 13-11. ಎರಡನೆಯದು ಹುಡುಗನಿಗೆ, 6-4. ಮೂರನೆಯದು ಡ್ರೊಬ್ನಿಗೆ, 6-2. ನಾಲ್ಕನೆಯದು ಮತ್ತೆ ಎಳೆದಾಟ. ಐದನೇ ಸೆಟ್ಟಿಗೆ ಹೋದರೆ 32ರ ಕಾಲು 19ರ ಕಾಲಿಗೆ ಸಮ ನಿಲ್ಲುತ್ತದೆಯೇ? ಅಲ್ಲಿಗೆ ಹೋಗಲೇ ಇಲ್ಲ. 9-7ಕ್ಕೆ ಡ್ರೊಬ್ನಿ ಮುಗಿಸಿದ. ಎಲ್ಲ ಸೇರಿ 58 ಗೇಮ್. ಸೆಂಟರ್ ಕೋರ್ಟಿನ ಜನ ಅವನನ್ನು ತಮ್ಮ ಮನೆಯವನ ಹಾಗೆ ಕೊಂಡಾಡಿದರು. 1914ರ ನಂತರ, ಅಂದರೆ 40 ವರ್ಷದ ಮೇಲೆ, ಎಡಗೈ ಆಟಗಾರನೊಬ್ಬ ಆ ಪಟ್ಟ ಗೆದ್ದಿದ್ದ.

ಹೇಳದೆ ಬಿಡಲಾರೆ, ಅದೇ ವರ್ಷ ಅದೇ ವಿಂಬಲ್ಡನ್‌ನಲ್ಲಿ ಬಾಲಕರ ಸಿಂಗಲ್ಸ್ ಗೆದ್ದದ್ದು ನಮ್ಮ ರಾಮನಾಥನ್ ಕೃಷ್ಣನ್. ವಯಸ್ಸು 17. ಏಷ್ಯಾದ ಯಾವ ಹುಡುಗನೂ ಅದುವರೆಗೆ ಆ ಪಟ್ಟ ಮುಟ್ಟಿರಲಿಲ್ಲ.

ಸೋತ ರೋಸ್‌ವಾಲ್ ಬಗ್ಗೆ ನನಗೆ ಇಂದಿಗೂ ಮರುಕ. 1956ರಲ್ಲಿ ಮತ್ತೆ ಫೈನಲ್ ಸೋತ, ಆಮೇಲೆ ವೃತ್ತಿಪರನಾದ. ಹನ್ನೊಂದು ವರ್ಷ ವಿಂಬಲ್ಡನ್ ಅವನಿಗೆ ಮುಚ್ಚಿತ್ತು, ಅದೂ ಆಟ ಅರಳಿದ ವರ್ಷಗಳು. ಬಾಗಿಲು ತೆರೆದ ಮೇಲೆ 1970ರಲ್ಲಿ, 1974ರಲ್ಲಿ ಫೈನಲ್ ತಲುಪಿದ. ಎರಡೂ ಸಲ ಸೋಲು.

ಇನ್ನು ಡ್ರೊಬ್ನಿ. 1938ರಲ್ಲಿ ಮೊದಲ ಸಲ ಬಂದಾಗ ಅವನ ಹೆಸರಿನ ಮುಂದೆ ಚೆಕೊಸ್ಲೊವಾಕಿಯಾ ಎಂದಿತ್ತು. 1939ರಲ್ಲಿ ಹಿಟ್ಲರ್ ಆ ದೇಶವನ್ನು ನುಂಗಿದ್ದ, ಆಗ ಬೊಹೀಮಿಯಾ-ಮೊರಾವಿಯಾ. ಯುದ್ಧ ಮುಗಿದ ಮೇಲೆ ಮತ್ತೆ ಚೆಕೊಸ್ಲೊವಾಕಿಯಾ, ಆಮೇಲೆ ಈಜಿಪ್ಟ್. 1960ರಲ್ಲಿ, 38ನೇ ವಯಸ್ಸಿನಲ್ಲಿ, ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ಅದೇ ಹುಲ್ಲಿನ ಮೇಲೆ ಬಂದ. ಆ ಸಲ ಹೆಸರಿನ ಮುಂದೆ ಬ್ರಿಟನ್ ಎಂದಿತ್ತು.

ನಮಸ್ಕಾರ.