ಉರುಳು, ವಿಷ ಮತ್ತು ಗಸ್ತು

ಮಾನ್ಯರೇ,

ಈ ಮೇಜಿನ ಮೇಲೆ ನಾನು ತಂದಿಟ್ಟಿರುವುದು ಬೈಕಿನ ಹಳೆಯ ಕ್ಲಚ್ ವೈರು. ಇದರ ಒಂದು ತುದಿಯನ್ನು ಕುಣಿಕೆ ಮಾಡಿ ಇನ್ನೊಂದು ತುದಿಯನ್ನು ಗೂಟಕ್ಕೆ ಬಿಗಿದರೆ ಉರುಳು ಸಿದ್ಧವಾಯಿತು. ಕಾಡಂಚಿನ ಬೇಲಿಯಲ್ಲಿ ಹಂದಿ ನುಸುಳಿ ನುಸುಳಿ ಸವೆದ ಕಂಡಿಯೊಂದು ಇದ್ದೇ ಇರುತ್ತದೆ. ಆ ಕಂಡಿಗೆ ಇದನ್ನು ಇಳಿಬಿಟ್ಟು, ಪ್ರಾಣಿ ಪಕ್ಕಕ್ಕೆ ಸರಿಯದಂತೆ ಎರಡೂ ಕಡೆ ಒಂದಿಷ್ಟು ಲಂಟಾನ ಕೊಂಬೆ ಆನಿಸಿದರೆ ಸಾಕು. ಮದ್ದು ಗುಂಡು ಬೇಡ, ಸದ್ದಿಲ್ಲ, ಕಾದು ಕೂರುವ ತಾಪತ್ರಯವಿಲ್ಲ. ಒಡ್ಡಿದವನು ಮನೆಯಲ್ಲಿ ಮಲಗಿರುವಾಗಲೂ ಉರುಳು ತನ್ನ ಪಾಡಿಗೆ ದುಡಿಯುತ್ತಿರುತ್ತದೆ. ಹಂದಿಗೆಂದು ಇಟ್ಟ ಉರುಳಿಗೆ ಚಿರತೆ ಬಿದ್ದಾಗ ತಂತಿ ಎಷ್ಟೋ ಬಾರಿ ಸೊಂಟಕ್ಕೆ ಸಿಕ್ಕಿಕೊಳ್ಳುತ್ತದೆ. ಜಗ್ಗಿದಷ್ಟೂ ಅದು ಬಿಗಿಯುತ್ತದೆ. ಅರಿವಳಿಕೆ ಕೊಟ್ಟು ಬಿಡಿಸಿದ ಮೇಲೂ, ಹೊರಗೆ ದೊಡ್ಡ ಗಾಯವೇನೂ ಕಾಣದಿದ್ದರೂ, ಒಳಗಿನ ಅಂಗಗಳು ಜಖಂಗೊಂಡು ಪ್ರಾಣಿ ಸಾಯುವುದುಂಟು.

ವನ್ಯಜೀವಿಗಳಿಗೆ ಮನುಷ್ಯನಿಂದ ಒದಗುವ ಅಪಾಯಗಳಲ್ಲಿ ಕೆಲವನ್ನು ಒಂದು ಆದೇಶದಿಂದ ತಡೆಯಬಹುದು. ಬಂಡೀಪುರದ ನಡುವೆ ಹಾದುಹೋಗುವ ಎರಡು ಹೆದ್ದಾರಿಗಳನ್ನೇ, ಎಂದರೆ ಕಲ್ಲಿಕೋಟೆಯ ಕಡೆಗೂ ಊಟಿಯ ಕಡೆಗೂ ಹೋಗುವ ರಸ್ತೆಗಳನ್ನೇ, ನೋಡಿ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವನ್ನು ನಿರ್ಬಂಧಿಸುವ ಆದೇಶ 2009ರಲ್ಲಿ ಬಂತು, 2010ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ನಿರ್ಬಂಧವನ್ನು ತೆಗೆಯಬೇಕೆಂಬ ಒತ್ತಡ ಕೇರಳದ ಕಡೆಯಿಂದ ಆಗಾಗ ಬರುತ್ತಲೇ ಇದೆ. ಆದರೂ ಹೊತ್ತಿಗೆ ಸರಿಯಾಗಿ ಗೇಟು ಬೀಳುತ್ತದೆ, ಆಂಬುಲೆನ್ಸು ಮತ್ತು ಬೆರಳೆಣಿಕೆಯ ಬಸ್ಸುಗಳನ್ನು ಬಿಟ್ಟರೆ ರಸ್ತೆ ಪ್ರಾಣಿಗಳ ಪಾಲಾಗುತ್ತದೆ. ಉರುಳಿಗೆ ಅಂಥ ಗೇಟು ಎಲ್ಲಿದೆ? ಅದನ್ನು ಒಂದೊಂದಾಗಿ ಹುಡುಕಿ, ಬಗ್ಗಿ, ಕೈಯಿಂದಲೇ ಬಿಚ್ಚಬೇಕು.

ಹುಡುಕುವವರು ಯಾರೆಂಬುದನ್ನು ನಾವು ಬಹಳ ಕಡಿಮೆ ಮಾತಾಡುತ್ತೇವೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲಿ ಬಂತು; ಮರುವರ್ಷ ಹುಲಿ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಸೇರಿತು. 2022ರ ಗಣತಿಯಲ್ಲಿ ಕರ್ನಾಟಕದ ಹುಲಿಗಳು 563, ಅವುಗಳಲ್ಲಿ ಬಂಡೀಪುರದವು 150, ನಾಗರಹೊಳೆಯವು 141 ಎಂದು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಂಡೆವು. ಆ ಲೆಕ್ಕದ ಹಿಂದೆ ಕಳ್ಳಬೇಟೆ ತಡೆ ಶಿಬಿರಗಳಿವೆ: ಆನೆ ಬಾರದಂತೆ ಸುತ್ತ ಕಂದಕ ತೋಡಿದ ಪುಟ್ಟ ಕಟ್ಟಡ, ಸೌದೆ ಒಲೆ, ನಾಲ್ಕೈದು ಜನ ವಾಚರುಗಳು. ಅವರಲ್ಲಿ ಜೇನುಕುರುಬ, ಸೋಲಿಗ ಹುಡುಗರು ಬಹಳ ಮಂದಿ. ಬಹುಪಾಲು ದಿನಗೂಲಿಯವರು ಅಥವಾ ಹೊರಗುತ್ತಿಗೆಯವರು. ಈಗ ನಡೆದ ದಾರಿಯೆಲ್ಲ ಮೊಬೈಲಿನಲ್ಲಿ ದಾಖಲಾಗುತ್ತದೆ, ಒಳ್ಳೆಯದೇ. ಆದರೆ ದಾಖಲಾದ ಕಿಲೋಮೀಟರುಗಳೆಲ್ಲ ಕಾವಲಾಗುವುದಿಲ್ಲ. ಜೀಪು ಓಡಾಡುವ ದಾರಿಯಲ್ಲಿ ಹತ್ತು ಮೈಲಿ ನಡೆದರೂ ಉರುಳು ಸಿಗದು. ಬೇಲಿಯಂಚು ಹಿಡಿದು, ಪೊದೆ ಸರಿಸುತ್ತ, ತರಗೆಲೆಯ ನಡುವೆ ತುಕ್ಕು ಹಿಡಿದ ಎಳೆಯನ್ನು ಗುರುತಿಸುತ್ತ ಒಂದು ಮೈಲಿ ನಡೆದರೆ ಸಿಕ್ಕೀತು. ಆ ಕಣ್ಣು ತರಬೇತಿ ಕೇಂದ್ರದಲ್ಲಿ ಬರುವಂಥದಲ್ಲ, ಚಿಕ್ಕಂದಿನಿಂದ ಕಾಡಿನಲ್ಲಿ ಜೇನು, ನೆಲ್ಲಿ ಹುಡುಕಿದವರಿಗೆ ಬಂದಿರುತ್ತದೆ. (ಇಂಥವರನ್ನೇ ಕಾಡಿನ ಶತ್ರುಗಳೆಂದು ಬಗೆದು ನಾವು ಎಷ್ಟು ವರ್ಷ ಕಳೆದೆವು ಎಂಬುದು ಬೇರೆಯದೇ ಉಪನ್ಯಾಸವಾದೀತು.)

2025ರ ಜೂನ್ ತಿಂಗಳ ಕೊನೆಯಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತುಬಿದ್ದದ್ದು ನಿಮಗೆಲ್ಲ ನೆನಪಿರಬೇಕು. ಹುಲಿ ಹಿಡಿದ ಹಸುವಿನ ಕಳೇಬರಕ್ಕೆ ಸಿಟ್ಟಿನಿಂದ ವಿಷ ಬೆರೆಸಲಾಗಿತ್ತೆಂದು ತನಿಖೆಯಲ್ಲಿ ತಿಳಿದುಬಂತು. ಅದೇ ದಿನಗಳಲ್ಲಿ, ಅಲ್ಲಿನ ಹೊರಗುತ್ತಿಗೆ ವಾಚರುಗಳಿಗೆ ತಿಂಗಳುಗಟ್ಟಲೆ ಸಂಬಳವಾಗಿರಲಿಲ್ಲವೆಂಬ ಸುದ್ದಿಯೂ ಪತ್ರಿಕೆಗಳಲ್ಲಿ ಬಂತು. ಮೊದಲ ಸುದ್ದಿ ದೇಶಕ್ಕೆಲ್ಲ ಹಬ್ಬಿತು, ಎರಡನೆಯದನ್ನು ಎಷ್ಟು ಜನ ಓದಿದರೋ ಕಾಣೆ. ನನ್ನ ಮಟ್ಟಿಗೆ ಅವೆರಡೂ ಒಂದೇ ಸುದ್ದಿ. ಸಂಬಳ ಕಾಣದವನು ಬೇಲಿಯಂಚಿನಲ್ಲಿ ಬಗ್ಗಿ ನಡೆಯಬೇಕೆಂದು ಯಾವ ನ್ಯಾಯದಿಂದ ಕೇಳುವುದು?

ವಿಷ ಇಟ್ಟವರನ್ನು ಶಿಕ್ಷಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಡಂಚಿನ ಮನೆಗೆ ಒಂದು ಹಸುವೆಂದರೆ ದಿನದ ಹಾಲು, ಡೇರಿಯ ಬಟವಾಡೆ, ಕೆಲವೊಮ್ಮೆ ಇನ್ನೂ ತೀರದ ಸಾಲ. ಪರಿಹಾರವೆಂಬುದು ಕಾಗದದ ಮೇಲಿದೆ. ಅದಕ್ಕೆ ಅರ್ಜಿ, ಫೋಟೋ, ಪಶುವೈದ್ಯರ ಸಹಿ ಎಲ್ಲ ಬೇಕು, ಮತ್ತು ಕಾಡಿನೊಳಗೆ ಮೇಯುತ್ತಿದ್ದ ಹಸುವಾದರೆ ಅದನ್ನು ಕೇಳುವ ಬಾಯೇ ಇರುವುದಿಲ್ಲ. ಕಾಡಿನೊಳಗೆ ದನ ಮೇಯಿಸುವುದು ತಪ್ಪೆಂದು ಹೇಳುವವನೇ ನಾನೂ. ಅದರಿಂದ ಜಿಂಕೆ, ಕಾಟಿಗಳ ಮೇವು ಕಡಿಮೆಯಾಗುತ್ತದೆ, ರೋಗವೂ ದಾಟುತ್ತದೆ. ಹಾಗೆಂದು ಹಸು ಸತ್ತ ಗಳಿಗೆಯಲ್ಲಿ ಆ ಪಾಠ ಹೇಳಲು ಹೋದರೆ ಕೇಳುವವರಾರು?

ಹುಲಿ ತಾನು ಕೊಂದದ್ದನ್ನು ಒಂದೇ ಹೊತ್ತಿಗೆ ತಿಂದು ಮುಗಿಸುವುದಿಲ್ಲ. ತಿಂದಷ್ಟು ತಿಂದು, ಹತ್ತಿರದ ಪೊದೆಯಲ್ಲಿ ಮಲಗಿದ್ದು, ಕತ್ತಲಾದ ಮೇಲೆ ಅದರ ಬಳಿಗೇ ಮರಳುತ್ತದೆ, ಮರಿಗಳಿದ್ದರೆ ಅವನ್ನೂ ಕರೆತರುತ್ತದೆ. ವಿಷ ಕೆಲಸ ಮಾಡುವುದು ಈ ಅಭ್ಯಾಸದಿಂದಲೇ. ಆದ್ದರಿಂದ ಹಸು ಸತ್ತ ಸುದ್ದಿ ತಿಳಿದೊಡನೆ ಯಾರಾದರೂ ಅಲ್ಲಿಗೆ ಹೋಗಿ, ಯಜಮಾನನ ಎದುರಿಗೇ ಮಹಜರು ಬರೆದು, ಮೊದಲ ಕಂತಿನ ಹಣ ಯಾವತ್ತು ಕೈಗೆ ಬರುತ್ತದೆಂದು ತಿಳಿಸಿ, ಕಳೇಬರಕ್ಕೆ ಕಾವಲು ಹಾಕಬೇಕು. ವಾಚರು ಮೊದಲು ತಲುಪುತ್ತಾನೋ ಕೀಟನಾಶಕದ ಬಾಟಲಿ ಮೊದಲು ತಲುಪುತ್ತದೋ ಎಂಬುದು ಆ ಒಂದು ಸಂಜೆಯೊಳಗೆ ತೀರ್ಮಾನವಾಗಿಬಿಡುತ್ತದೆ.